ಗೆಳತಿಯರ ಮನೆ ಮೇಲೆ ಹಾದು ನೂರು ಕಿಲೋಮೀಟರ್: ಒಂದು ದಿನದ ಸೈಕಲ್ ಪ್ರಯಾಣಕ್ಕೆ ತಯಾರಿ

ಮೊದಲು ಮನೆಗಳನ್ನು ಗೊತ್ತು ಮಾಡಿಕೊಳ್ಳಿ. ಕಿಲೋಮೀಟರ್ ಆಮೇಲೆ ಕೂಡಿಸಿ. ದೂರದ ಸೈಕಲ್ ಪ್ರಯಾಣದ ಬಗ್ಗೆ ಯಾರು ಕೇಳಿದರೂ ನಾನು ಹೇಳುವ ಮೊದಲ ಮಾತು ಇದೇ. ನೂರು ಕಿಲೋಮೀಟರ್ ತುಳಿಯಲೇಬೇಕು ಅಂತ ಹೊರಟರೆ ಗೆಳತಿಯ ಮನೆ ಬರೀ ಬಾಟಲಿಗೆ ನೀರು ತುಂಬಿಸುವ ಜಾಗ ಆಗಿಬಿಡುತ್ತದೆ. ಗೆಳತಿಯರನ್ನು ನೋಡಬೇಕು ಅಂತ ಹೊರಟರೆ ನೂರು ಕಿಲೋಮೀಟರ್ ತಾನಾಗಿ ಆಗುತ್ತದೆ.

ನಾನು ಮೈಸೂರಿನಲ್ಲಿ ಸರ್ಕಾರಿ ಶಾಲೆಯ ಟೀಚರ್. ವಯಸ್ಸು ಐವತ್ತು ದಾಟಿದೆ. ಟಿಸಿಎಚ್, ಅಂದರೆ ಟೀಚರ್ ಟ್ರೈನಿಂಗ್, ಓದುವಾಗ ಹಾಸ್ಟೆಲ್‌ನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಮೂವರು ಈಗ ಪಾಂಡವಪುರ ತಾಲ್ಲೂಕಿನಲ್ಲಿದ್ದಾರೆ. ಒಬ್ಬಳು ಪಾಂಡವಪುರ ಪಟ್ಟಣದಲ್ಲಿ, ಒಬ್ಬಳು ಕೆರೆ ತೊಣ್ಣೂರಿನ ಪಕ್ಕದ ಹಳ್ಳಿಯಲ್ಲಿ, ಇನ್ನೊಬ್ಬಳು ಮೇಲುಕೋಟೆಯಲ್ಲಿ. ಮೂರೂ ಮನೆ ಒಂದೇ ದಾರಿಗೆ ಸಿಗುತ್ತವೆ. ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ಹೋಗಿ ಬಂದರೆ ನೂರು. ಈ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಗೆಳೆಯರು ಎಲ್ಲಿದ್ದಾರೋ ಅಲ್ಲಿಗೆ ಇದನ್ನು ಹೊಂದಿಸಿಕೊಳ್ಳಿ.

ಒಂದು ದಿನಕ್ಕೆ ಮೂರು ಮನೆ ಸಾಕು. ನಾಲ್ಕನೆಯದು ಬೇಡ. ಹಳ್ಳಿಯ ಮನೆಗೆ ಹೋಗಿ ಅರ್ಧ ಗಂಟೆಯಲ್ಲಿ ಎದ್ದರೆ ಅವರಿಗೆ ಬೇಜಾರಾಗುತ್ತದೆ. ಹಾಗಾಗಿ ಮೊದಲ ಎರಡು ಮನೆಗೆ ಒಂದೊಂದು ಗಂಟೆ, ಊಟದ ಮನೆಗೆ ಎರಡು ಗಂಟೆ ಅಂತ ಮೊದಲೇ ತೆಗೆದಿಡಿ. ಉಳಿದ ಹೊತ್ತಿನಲ್ಲಿ ಎಷ್ಟು ದೂರ ತುಳಿಯಬಹುದು ಅಂತ ಆಮೇಲೆ ಲೆಕ್ಕ ಹಾಕಿ. ಒಂದು ಮಟ್ಟಿಗೆ ಅಭ್ಯಾಸ ಇರುವವರು ಬೆಳಿಗ್ಗೆ ಒಳ್ಳೆ ಟಾರ್ ರಸ್ತೆಯಲ್ಲಿ ಗಂಟೆಗೆ 18 ಕಿಲೋಮೀಟರ್ ಹೋಗಬಹುದು. ಬಿಸಿಲು ಏರಿದ ಮೇಲೆ, ಹಳ್ಳಿ ರಸ್ತೆಯಲ್ಲಿ 14 ಅಥವಾ 15 ಅಂತ ಹಿಡಿಯಿರಿ. ದಿಣ್ಣೆ ಇದ್ದರೆ ಇನ್ನೂ ಕಡಿಮೆ. ಒಂದೇ ಸಲಕ್ಕೆ 50 ಕಿಲೋಮೀಟರ್ ತುಳಿದು ಅಭ್ಯಾಸ ಇಲ್ಲದವರು ನೂರಕ್ಕೆ ಕೈ ಹಾಕುವುದು ಬೇಡ. ಎರಡು ತಿಂಗಳು ಭಾನುವಾರಗಳಲ್ಲಿ 30, 40, 60 ಹೀಗೆ ಏರಿಸಿಕೊಂಡು ಬನ್ನಿ. ಗೆಳತಿಯ ಮನೆ ಜಗಲಿ ತಲುಪಿದಾಗ ಮಾತಾಡುವಷ್ಟು ಉಸಿರು ಉಳಿದಿರಬೇಕು, ಅಲ್ವಾ?

ಫೋನ್ ಮಾಡುವುದಕ್ಕೂ ಒಂದು ರೀತಿ ಇದೆ

"ಹತ್ತು ಗಂಟೆಗೆ ಬರ್ತೀನಿ" ಅಂತ ಹೇಳಬೇಡಿ. ಒಂದು ಪಂಕ್ಚರ್ ಆದರೂ ಹನ್ನೊಂದಾಗುತ್ತದೆ. ಅಷ್ಟು ಹೊತ್ತೂ ಅವಳು ಬಾಗಿಲಲ್ಲೇ ನಿಂತಿರುತ್ತಾಳೆ. "ಹತ್ತರಿಂದ ಹನ್ನೊಂದರೊಳಗೆ" ಅನ್ನಿ. ಹಿಂದಿನ ಮನೆ ಬಿಡುವಾಗ ಮುಂದಿನ ಮನೆಗೆ ಒಂದು ಮಿಸ್ಡ್ ಕಾಲ್ ಕೊಡುವುದು ಅಂತ ನಾವು ನಾಲ್ವರೂ ಮಾತಾಡಿಕೊಂಡಿದ್ದೇವೆ. ರಿಂಗ್ ಆದರೆ ಹೊರಟಿದ್ದೇನೆ ಅಂತ ಅರ್ಥ. ಆಗ ಅವಳು ಸಾರಿಗೆ ಒಗ್ಗರಣೆ ಹಾಕಿದರೆ ಸರಿಹೋಗುತ್ತದೆ.

ಹಸು ಕಟ್ಟಿರುವ ಮನೆಗೆ ಹಾಲು ಡೈರಿಗೆ ಹಾಕುವ ಹೊತ್ತಿನಲ್ಲಿ ಹೋಗಬೇಡಿ. ಬೆಳಿಗ್ಗೆ ಎಂಟರ ತನಕ ಅವರಿಗೆ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ. ಸಂಜೆ ಐದರ ಮೇಲೂ ಅಷ್ಟೇ. ತೊಣ್ಣೂರಿನ ಗೆಳತಿಯ ಮನೆಯಲ್ಲಿ ಮೂರು ಹಸು ಇವೆ. ಅದಕ್ಕೇ ಅವಳ ಮನೆಯನ್ನು ಹತ್ತು ಗಂಟೆಗೆ ಇಟ್ಟುಕೊಂಡಿದ್ದೇನೆ. ಅವರ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ ಅಂತಲೂ ಕೇಳಿ. ಕರೆಂಟ್ ಬಂತು ಅಂದರೆ ಮನೆಯವರು ಗದ್ದೆಗೆ ಓಡಬೇಕು. ನಾಟಿ, ಕೊಯ್ಲು, ಒಕ್ಕಣೆ ನಡೆಯುವ ವಾರ ಬಿಟ್ಟುಬಿಡಿ.

ಅಡುಗೆ ವಿಷಯ ಫೋನಿನಲ್ಲೇ ಗಟ್ಟಿಯಾಗಿ ಹೇಳಿಬಿಡಿ. ಇಲ್ಲದಿದ್ದರೆ ಮೂರು ಮನೆಯಲ್ಲೂ ಹಬ್ಬದ ಅಡುಗೆ ಆಗಿರುತ್ತದೆ. ಎರಡು ಹೋಳಿಗೆ ತುಪ್ಪ ಹಾಕಿಕೊಂಡು ತಿಂದು ಮೇಲುಕೋಟೆ ದಿಣ್ಣೆ ಹತ್ತಲು ಆಗುವುದಿಲ್ಲ. ನಾನು ಹೀಗೆ ಹಂಚಿದ್ದೇನೆ: ಪಾಂಡವಪುರದಲ್ಲಿ ತಿಂಡಿ, ತೊಣ್ಣೂರಿನಲ್ಲಿ ಮಜ್ಜಿಗೆ ಮಾತ್ರ, ಮೇಲುಕೋಟೆಯಲ್ಲಿ ಊಟ. ತೊಣ್ಣೂರಿನವಳು ಮೊದಮೊದಲು ಒಪ್ಪಲಿಲ್ಲ. "ನಮ್ಮನೇಲಿ ಮಾತ್ರ ಏನೂ ತಿನ್ನಲ್ವೇನಮ್ಮಿ?" ಅಂತ ಮುನಿಸಿಕೊಂಡಳು. ಈಗ ಒಂದು ಸಲ ಅವಳ ಮನೆಯಲ್ಲಿ ಊಟ, ಮುಂದಿನ ಸಲ ಮೇಲುಕೋಟೆಯಲ್ಲಿ ಅಂತ ಸರದಿ ಮಾಡಿಕೊಂಡಿದ್ದೇವೆ. ತೊಣ್ಣೂರಿನ ಸರದಿ ಬಂದಾಗ ದಾರಿ ತಿರುಗಿಸುತ್ತೇನೆ. ಮೊದಲು ಮೇಲುಕೋಟೆಗೆ ಹೋಗಿ, ದಿಣ್ಣೆ ಇಳಿದ ಮೇಲೆ ಊಟ. ನೆನಪಿಡಬೇಕಾದ್ದು ಇಷ್ಟೇ: ದೊಡ್ಡ ಏರು ಮುಗಿದ ಮೇಲೆ ದೊಡ್ಡ ಊಟ.

ಯಾವ ತಿಂಗಳು

ನವೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದ ತನಕ. ಬಿಸಿಲು ತಡೆಯುವಂತಿರುತ್ತದೆ, ಮಳೆ ಕಡಿಮೆ. ಗಾಳಿಯ ಲೆಕ್ಕವೂ ಇದೆ. ಚಳಿಗಾಲದಲ್ಲಿ ಈ ಕಡೆ ಗಾಳಿ ಸಾಮಾನ್ಯವಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಸ್ವಲ್ಪ ಎದುರಾಗುತ್ತದೆ, ಆದರೆ ಆಗ ಕಾಲಲ್ಲಿ ಕಸುವಿರುತ್ತದೆ. ಸಂಜೆ ದಕ್ಷಿಣಕ್ಕೆ ವಾಪಸ್ ಬರುವಾಗ ಬೆನ್ನಿಗೆ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇದು ತಿರುಗುಮುರುಗು. ನೈಋತ್ಯದ ಗಾಳಿ ಬೆಳಿಗ್ಗೆ ತಳ್ಳಿಕೊಂಡು ಹೋಗುತ್ತದೆ, ಸಂಜೆ ಸುಸ್ತಾದ ಹೊತ್ತಿನಲ್ಲಿ ಎದೆಗೆ ಹೊಡೆಯುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ವೈರಮುಡಿ ಉತ್ಸವದ ದಿನಗಳಲ್ಲಿ ಮೇಲುಕೋಟೆ ರಸ್ತೆ ತುಂಬಾ ಬಸ್ಸು, ಕಾರು. ಗೆಳತಿಯ ಮನೆ ತುಂಬಾ ನೆಂಟರು. ಆಗ ಸೈಕಲ್ ಬೇಡ.

ಡಿಸೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಬೆಳಿಗ್ಗೆ 6:40ರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಸಂಜೆ ಆರು ದಾಟುತ್ತಲೇ ಮುಳುಗುತ್ತಾನೆ. ಕಾವೇರಿ ಬಯಲಿನಲ್ಲಿ ಮಂಜು ಕೂತಿರುತ್ತದೆ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಕಡ್ಡಾಯವಾಗಿ ಇರಲಿ. ನಾನು 6:15ಕ್ಕೆ ಹೊರಡುತ್ತೇನೆ.

ಸೈಕಲ್, ಚೀಲ, ಬಟ್ಟೆ

ದುಬಾರಿ ಸೈಕಲ್ ಬೇಕಾಗಿಲ್ಲ. ನನ್ನದು ಗೇರ್ ಇರುವ ಸಾಧಾರಣ ಹೈಬ್ರಿಡ್. ಹಿಂದೆ ಕ್ಯಾರಿಯರ್ ಹಾಕಿಸಿಕೊಂಡಿದ್ದೇನೆ. ಟೈರ್ ಮಾತ್ರ 32 ಅಥವಾ 35 ಮಿಲಿಮೀಟರ್ ಅಗಲದ್ದು ಇರಲಿ. ರೇಸ್ ಸೈಕಲ್‌ನ ಸಣ್ಣ ಟೈರು ಹಳ್ಳಿ ರಸ್ತೆಯ ಜಲ್ಲಿಗೆ ಆಗಿಬರುವುದಿಲ್ಲ. ಎರಡು ಟ್ಯೂಬ್, ಟೈರ್ ಲಿವರ್, ಕೈ ಪಂಪ್, ಅಲೆನ್ ಕೀ ಸೆಟ್, ಪ್ಯಾಚ್, ಸೊಲ್ಯೂಷನ್ ಇಷ್ಟು ಸೀಟಿನ ಕೆಳಗಿನ ಚೀಲದಲ್ಲಿ. ನಿಮ್ಮ ಟ್ಯೂಬ್‌ಗೆ ಸಣ್ಣ ಪ್ರೆಸ್ಟಾ ವಾಲ್ವ್ (ಬೈಕ್ ಟ್ಯೂಬಿನದಕ್ಕಿಂತ ತೆಳುವಾದ ಗಾಳಿ ಮೂತಿ) ಇದ್ದರೆ ಒಂದು ಹಿತ್ತಾಳೆ ಅಡಾಪ್ಟರ್ ಇಟ್ಟುಕೊಳ್ಳಿ. ಹಳ್ಳಿ ಪಂಕ್ಚರ್ ಅಂಗಡಿಯಲ್ಲಿ ಬೈಕ್ ಟೈರಿಗೆ ಹೊಡೆಯುವ ಗಾಳಿಯೇ ಸಿಗುವುದು. ಈ ಅಡಾಪ್ಟರ್ ತಿರುಗಿಸಿ ಹಾಕಿದರೆ ಅದೇ ಗಾಳಿ ಹಿಡಿಯುತ್ತದೆ. ಕೆರೆ ಏರಿ, ನಾಲೆ ಏರಿ ಪಕ್ಕದಲ್ಲಿ ಜಾಲಿ ಮುಳ್ಳು ಜಾಸ್ತಿ. ಟ್ಯೂಬ್ ಬದಲಾಯಿಸುವ ಮುಂಚೆ ಟೈರಿನ ಒಳಗೆ ಬಟ್ಟೆ ಹಿಡಿದು ಸುತ್ತ ಸವರಿ. ಮುಳ್ಳಿನ ಮೊನೆ ಮುರಿದು ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಹೆಂಗಸರಿಗೆ ಒಂದೆರಡು ಮಾತು. ಪ್ಯಾಡ್ ಇರುವ ಸೈಕಲ್ ಚಡ್ಡಿ ಒಳಗೆ, ಅದರ ಮೇಲೆ ಸಡಿಲವಾದ ಕಾಟನ್ ಪ್ಯಾಂಟ್, ಮೊಣಕಾಲಿನ ಮೇಲೆ ನಿಲ್ಲುವ ಕುರ್ತಾ. ಪ್ಯಾಂಟಿನ ಬಲಗಾಲಿನ ಅಂಚಿಗೆ ರಬ್ಬರ್ ಬ್ಯಾಂಡ್ ಹಾಕಿ, ಚೈನಿಗೆ ಸಿಕ್ಕುವುದಿಲ್ಲ. ದುಪಟ್ಟಾ ಸೈಕಲ್ ಮೇಲೆ ಬೇಡವೇ ಬೇಡ, ಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಗೇ ಅಪಾಯ. ಚೀಲದಲ್ಲಿಟ್ಟುಕೊಂಡು ಮನೆ ಬಾಗಿಲಲ್ಲಿ ಹಾಕಿಕೊಳ್ಳಿ. ಅತ್ತೆ ಮಾವ ಇರುವ ಮನೆಗೆ ಹೋಗುವಾಗ ಅವರಿಗೂ ಮುಜುಗರ ಆಗಬಾರದು, ನಮಗೂ ಆಗಬಾರದು. ಶೌಚಾಲಯದ ಯೋಚನೆಯಲ್ಲಿ ನೀರು ಕಡಿಮೆ ಕುಡಿಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ದಾರಿಯಲ್ಲಿ ಎರಡು ಮನೆಗಳ ನಡುವೆ ಒಂದೂವರೆ, ಎರಡು ಗಂಟೆಗಿಂತ ಜಾಸ್ತಿ ಅಂತರ ಬರುವುದಿಲ್ಲ. ಮನೆಗಳನ್ನು ಹಾಗೆ ಪೋಣಿಸಿಕೊಂಡರೆ ಈ ಕಷ್ಟವೇ ಇರುವುದಿಲ್ಲ. ಗಂಟೆಗೆ ಅರ್ಧ ಲೀಟರ್ ನೀರು ಹೋಗಲಿ. ಎರಡು ಬಾಟಲಿಯಲ್ಲಿ ಒಂದಕ್ಕೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆಹಣ್ಣು ಹಾಕಿಕೊಳ್ಳಿ. ಕಡಲೆಕಾಯಿ ಚಿಕ್ಕಿ, ಏಲಕ್ಕಿ ಬಾಳೆಹಣ್ಣು ಕೈಗೆ ಸಿಗುವ ಹಾಗಿರಲಿ.

ಏನು ತೆಗೆದುಕೊಂಡು ಹೋಗಬೇಕು? ಬರಿಗೈಲಿ ಹೋಗುವುದು ನಮಗೆ ಒಗ್ಗುವುದಿಲ್ಲ. ಆದರೆ ಮೈಸೂರು ಪಾಕ್ ಬಿಸಿಲಿಗೆ ಕರಗಿ ಡಬ್ಬಿಯೆಲ್ಲ ಜಿಡ್ಡಾಗುತ್ತದೆ. ನಾನು ಹಿಂದಿನ ಸಂಜೆ ಹುರಿದು ಪುಡಿ ಮಾಡಿಸಿದ ಕಾಫಿಪುಡಿ ಒಯ್ಯುತ್ತೇನೆ, ಮನೆಗೆ ಕಾಲು ಕೆಜಿ. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೈಸೂರು ವೀಳ್ಯದೆಲೆ. ತೊಣ್ಣೂರಿನ ಗೆಳತಿಯ ಅತ್ತೆಗೆ ಬೇರೆ ಏನು ಕೊಟ್ಟರೂ ಈ ಎಲೆಯಷ್ಟು ಖುಷಿ ಆಗುವುದಿಲ್ಲ. ಎರಡೂ ಹಗುರ. ಹಾಸ್ಟೆಲ್ ಕಾಲದ ಫೋಟೋ ಇದ್ದರೆ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ತೋರಿಸಿದ ಫೋಟೋ ಒಂದು ನಿಮಿಷ ನೋಡುತ್ತಾರೆ. ಕೈಗೆ ಕೊಟ್ಟ ಫೋಟೋ ಮನೆಮಂದಿಯೆಲ್ಲ ಸೇರಿ ನೋಡಿ, ಆಮೇಲೆ ಬೀರುವಿನ ಕನ್ನಡಿಗೆ ಸಿಕ್ಕಿಸುತ್ತಾರೆ.

ಚೀಲದಲ್ಲಿ ಅರ್ಧ ಜಾಗ ಖಾಲಿ ಬಿಡಿ. ವಾಪಸ್ ಬರುವಾಗ ತೆಂಗಿನಕಾಯಿ, ಅಚ್ಚು ಬೆಲ್ಲ, ಅವರೆಕಾಯಿ, ನಿಂಬೆಹಣ್ಣು ಎಲ್ಲ ಕೊಡುತ್ತಾರೆ. ಬೇಡ ಅಂದರೆ ನೊಂದುಕೊಳ್ಳುತ್ತಾರೆ. "ಒಂದು ಕಾಯಿ, ಎರಡು ಅಚ್ಚು ಸಾಕು, ಮಿಕ್ಕಿದ್ದು ಬಸ್ಸಲ್ಲಿ ಬಂದಾಗ" ಅನ್ನಿ. ಭಾರವಾದದ್ದು ಚೀಲದ ತಳದಲ್ಲಿ, ಎರಡೂ ಕಡೆ ಸಮವಾಗಿ ಇರಲಿ. ಹ್ಯಾಂಡಲ್‌ಗೆ ಮಾತ್ರ ಯಾವ ಚೀಲವನ್ನೂ ನೇತುಹಾಕಬೇಡಿ. ತಿರುವಿನಲ್ಲಿ ಸೈಕಲ್ ಎಳೆದುಬಿಡುತ್ತದೆ.

ದಾರಿ

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರ್. ಸಿದ್ದಲಿಂಗಪುರ, ಕಳಸ್ತವಾಡಿ ದಾಟಿ ಹೋಗುವ ಈ ತುಂಡು ಬೇಗ ಮುಗಿಸಬೇಕಾದದ್ದು. ವಾಹನ ಜಾಸ್ತಿ, ನೋಡುವುದು ಕಡಿಮೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿನ ಹಾಗೆ ಸೈಕಲ್ಲಿಗೂ ಪ್ರವೇಶ ಇಲ್ಲ. ಸರ್ವೀಸ್ ರಸ್ತೆ, ಊರೊಳಗಿನ ಹಳೇ ರಸ್ತೆ ಹಿಡಿಯಿರಿ. ಶ್ರೀರಂಗಪಟ್ಟಣ ದ್ವೀಪ. ಕಾವೇರಿಯ ಒಂದು ಕವಲು ದಾಟಿ ಊರೊಳಗೆ ಹೋಗಿ, ಇನ್ನೊಂದು ಕವಲು ದಾಟಿ ಆಚೆ ಬರಬೇಕು. ಸೇತುವೆ ಮೇಲೆ ನಿಲ್ಲಬೇಡಿ. ಹೊಳೆ ನೋಡಬೇಕು ಅನ್ನಿಸಿದರೆ ಊರೊಳಗೆ ಸೋಪಾನಕಟ್ಟೆಗಳಿವೆ.

ಆಮೇಲೆ ಕಿರಂಗೂರು ಹತ್ತಿರ ಪಾಂಡವಪುರದ ರಸ್ತೆಗೆ ತಿರುಗಿದ ಕೂಡಲೇ ಬೇರೆ ಲೋಕ. ಎರಡೂ ಕಡೆ ಕಬ್ಬು, ಭತ್ತ, ತೆಂಗು. ಆಲೆಮನೆಯಲ್ಲಿ ಒಲೆ ಹೊತ್ತಿದ್ದರೆ ಬೆಲ್ಲ ಕಾಯುವ ವಾಸನೆ ದೂರದಿಂದಲೇ ಬರುತ್ತದೆ. ಇಳಿದು ಕೇಳಿದರೆ ಕಬ್ಬಿನ ಹಾಲು ಕೊಡುತ್ತಾರೆ. ಒಂದು ಲೋಟ ಕುಡಿಯಿರಿ, ಎರಡು ಬೇಡ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರ್ ಕಟ್ಟಿಕೊಂಡು ಬರುತ್ತವೆ. ಹಿಂದಿನ ಟ್ರೈಲರ್ ಅಡ್ಡಾದಿಡ್ಡಿ ಆಡುತ್ತದೆ, ಕಬ್ಬಿನ ತುದಿ ಆಚೆ ಚಾಚಿರುತ್ತದೆ. ಪಕ್ಕದಲ್ಲಿ ನುಗ್ಗಬೇಡಿ. ಅದು ಮುಂದೆ ಹೋಗಲಿ, ನೀವು ಒಂದು ನಿಮಿಷ ರಸ್ತೆ ಬಿಟ್ಟು ನಿಲ್ಲಿ.

ಈ ಕಡೆ ವಿಶ್ವೇಶ್ವರಯ್ಯ ನಾಲೆ ಹಾದುಹೋಗುತ್ತದೆ. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯ ಜಿಲ್ಲೆಯ ಗದ್ದೆಗಳಿಗೆ ಹೋಗುವುದು ಇದರಲ್ಲೇ. ನಾಲೆ ಏರಿ ಮೇಲಿನ ದಾರಿ ತಂಪು, ವಾಹನ ಇಲ್ಲ, ಆಸೆ ಆಗುತ್ತದೆ. ಆದರೆ ಬಹಳ ಕಡೆ ತಡೆಗೋಡೆ ಇಲ್ಲ, ನೀರಿನ ಸೆಳೆತ ಜೋರು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ನಾನು ಏರಿ ಮೇಲೆ ಹೋಗುವುದಿಲ್ಲ. ನೀವೂ ಹೋಗಬೇಡಿ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ರಾಗಿ, ಹುರುಳಿಯನ್ನು ಒಕ್ಕಣೆಗೆ ರಸ್ತೆ ಮೇಲೆ ಹರಡಿರುತ್ತಾರೆ. ಕಾರು ಹೋದರೆ ಅವರಿಗೆ ಕಾಳು ಉದುರುತ್ತದೆ. ಸೈಕಲ್ ಹೋದರೆ ನಮಗೆ ಕಷ್ಟ. ಹುರುಳಿ ಬಳ್ಳಿ ಗೇರಿನ ಚಕ್ರಕ್ಕೆ ಸುತ್ತಿಕೊಂಡರೆ ಬಿಡಿಸಲು ಕಾಲು ಗಂಟೆ ಬೇಕು. ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಆ ನೆಪದಲ್ಲಿ ಅಲ್ಲಿರುವವರ ಜೊತೆ ಎರಡು ಮಾತೂ ಆಗುತ್ತದೆ.

"ಯಾವೂರವ್ವ? ಎಲ್ಲಿಗೋಯ್ತಿದ್ದೀಯ? ಬಸ್ಸಿರಲಿಲ್ವಾ?" ಈ ಮೂರು ಪ್ರಶ್ನೆ ಪ್ರತಿ ಊರಲ್ಲೂ ಬರುತ್ತವೆ. ಬೇಸರ ಮಾಡಿಕೊಳ್ಳಬೇಡಿ, ನಿಂತು ಉತ್ತರ ಹೇಳಿ. ಗೆಳತಿಯ ಮಾವನ ಹೆಸರು, ಮನೆಯ ಗುರುತು ಮೊದಲೇ ತಿಳಿದುಕೊಂಡಿರಿ. ಮೊಬೈಲಿನ ಮ್ಯಾಪ್ ಹಳ್ಳಿಯ ಗಲ್ಲಿಯಲ್ಲಿ ಯಾವುದೋ ಹಿತ್ತಲಿಗೆ ಕರೆದುಕೊಂಡು ಹೋಗುತ್ತದೆ. "ಟೀಚರಮ್ಮನ ಮನೆ, ಇಂಥವರ ಸೊಸೆ" ಅಂದರೆ ಟೀ ಅಂಗಡಿಯಲ್ಲಿ ಕೂತವರು ಬಾಗಿಲ ತನಕ ದಾರಿ ಹೇಳುತ್ತಾರೆ. ಹುಡುಗರು ಮುಂದೆ ಓಡಿ ಹೋಗಿ ಸುದ್ದಿಯನ್ನೂ ಮುಟ್ಟಿಸುತ್ತಾರೆ.

ಪಾಂಡವಪುರಕ್ಕೆ ಬರುವಾಗ ಕುಂತಿ ಬೆಟ್ಟದ ಬಂಡೆಗಳು ದೂರದಿಂದಲೇ ಕಾಣುತ್ತವೆ. ಬ್ರಿಟಿಷರ ಕಾಲದಲ್ಲಿ ಈ ಊರನ್ನು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಂತೆ. ಮೊದಲ ಮನೆ ಇಲ್ಲಿ. ಎಂಟೂಕಾಲಿಗೆ ತಲುಪಿ, ಇಡ್ಲಿ ತಿಂದು, ಒಂಬತ್ತೂಕಾಲಿಗೆ ಎದ್ದರೆ ಬಿಸಿಲು ಏರುವ ಮುಂಚೆ ಕೆರೆ ತೊಣ್ಣೂರಿನ ಕಡೆ ಇರುತ್ತೀರಿ. ಬೆಟ್ಟಗಳ ನಡುವಿನ ಆ ಕೆರೆಯ ತಿಳಿ ನೀರು, ಹೊಯ್ಸಳರ ಕಾಲದ ನಂಬಿನಾರಾಯಣ ಗುಡಿ ನೋಡದೆ ಬರಬೇಡಿ. ನನ್ನ ಗೆಳತಿ ಗುಡಿಯ ಕಟ್ಟೆ ಮೇಲೇ ಕೂತು ಮಾತಾಡೋಣ ಅನ್ನುತ್ತಾಳೆ. ಮನೆಯಲ್ಲಾದರೆ ಯಾರಾದರೂ ಅವಳನ್ನು ಕೂಗುತ್ತಲೇ ಇರುತ್ತಾರೆ.

ಅಲ್ಲಿಂದ ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ. ಕೊನೆಯ ಕೆಲವು ಕಿಲೋಮೀಟರ್ ಏರು. ಶುರುವಿನಲ್ಲೇ ಹಗುರ ಗೇರಿಗೆ ಹಾಕಿ. ಏರು ಬಂದ ಮೇಲೆ ಒತ್ತಿಕೊಂಡು ಗೇರ್ ಬದಲಾಯಿಸಿದರೆ ಚೈನ್ ಬಿದ್ದುಹೋಗುತ್ತದೆ. ಸೀಟಿನ ಮೇಲೆ ಕೂತೇ ತುಳಿಯಿರಿ. ಮೂಗಿನಲ್ಲಿ ಉಸಿರಾಡಲು ಆಗದಿದ್ದರೆ ನಿಧಾನ ಮಾಡಿ. ಅದೂ ಆಗದಿದ್ದರೆ ಇಳಿದು ತಳ್ಳಿ. ಗೇರ್ ಇಲ್ಲದ ಸೈಕಲ್‌ನವರು ತಳ್ಳಲೇಬೇಕು, ಅದರಲ್ಲಿ ಕಡಿಮೆ ಏನಿಲ್ಲ. ಮೇಲೆ ಕೋತಿಗಳಿವೆ. ಬಾಳೆಹಣ್ಣು ಚೀಲದ ಒಳಗೆ ಹೋಗಲಿ.

ಕೂತು ಮಾತಾಡುವುದು

ಈ ಭಾಗಕ್ಕಾಗಿಯೇ ಉಳಿದದ್ದೆಲ್ಲ. ಬಾಗಿಲಿಗೆ ಬಂದ ಕೂಡಲೇ ಸೈಕಲ್ ನೆರಳಿಗೆ ನಿಲ್ಲಿಸಿ, ಮೊಬೈಲಿನಲ್ಲಿ ಕಿಲೋಮೀಟರ್ ತೋರಿಸುವ ಆ್ಯಪ್ ಆರಿಸಿ ಚೀಲಕ್ಕೆ ಹಾಕಿ. ಕೈಕಾಲು ಮುಖ ತೊಳೆಯಿರಿ. ಮೊದಲ ಹತ್ತು ನಿಮಿಷ ಮನೆಯ ಹಿರಿಯರಿಗೆ. "ಸೈಕಲ್ ತುಳ್ಕಂಡ್ ಬಂದ್ಯಾ ಮಗ? ಕಾಲು ನೋಯಾಕಿಲ್ವಾ?" ಅಂತ ಕೇಳುತ್ತಾರೆ. ಅವರು ಯಾವ ಕಾಲದಲ್ಲಿ ಯಾವ ಸಂತೆಗೆ ಎಷ್ಟು ದೂರ ನಡೆದು ಹೋಗುತ್ತಿದ್ದರು ಅಂತ ಹೇಳುತ್ತಾರೆ. ಕೇಳಿ, ಬಹಳ ಚೆನ್ನಾಗಿರುತ್ತದೆ. ಆಮೇಲೆ ಅಡುಗೆ ಮನೆಗೆ ಹೋಗಿ. ಹಾಲ್‌ನಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಒಪ್ಪಬೇಡಿ. ಗೆಳತಿ ಬಾಯಿ ಬಿಡುವುದು ಒಲೆ ಮುಂದೆ. ಸೊಪ್ಪು ಬಿಡಿಸುತ್ತಾ, ಕಾಯಿ ತುರಿಯುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ.

ಫೋನಿನಲ್ಲಿ ಗೊತ್ತಾಗದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೇಲುಕೋಟೆಯ ಗೆಳತಿ ಪ್ರತಿ ವಾರ "ಚೆನ್ನಾಗಿದ್ದೀನಿ ಕಣೇ" ಅನ್ನುತ್ತಿದ್ದಳು. ಮನೆಗೆ ಹೋದಾಗ ನೋಡಿದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಾಳೆ. ಮಂಡಿ ನೋವು ಶುರುವಾಗಿ ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಮುಂದಿನ ವಾರ ಮೈಸೂರಿಗೆ ಕರೆಸಿ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಾರಿನಲ್ಲಿ ಹೋಗಿದ್ದರೂ ಇದು ಕಾಣುತ್ತಿತ್ತೇನೋ. ಆದರೆ ಕಾರಿನಲ್ಲಿ ಹೋದರೆ ಮನೆಯವರೆಲ್ಲ ಜೊತೆಗಿರುತ್ತಾರೆ, ಮುಂದಿನ ಊರಿಗೆ ಹೊತ್ತಾಗುತ್ತದೆ, ಟೀ ಕುಡಿದು ಎದ್ದುಬಿಡುತ್ತೇವೆ. ಸೈಕಲ್‌ನಲ್ಲಿ ಬಂದವಳಿಗೆ ಎರಡು ಗಂಟೆ ವಿಶ್ರಾಂತಿ ಬೇಕೇ ಬೇಕು ಅಂತ ಮನೆಯವರೇ ಒಪ್ಪುತ್ತಾರೆ. ಚಾಪೆ ಹಾಸಿಕೊಡುತ್ತಾರೆ. ಇಬ್ಬರೂ ಅಡ್ಡಾಗಿ ಸೂರು ನೋಡುತ್ತಾ ಮಾತಾಡುವ ಆ ಒಂದು ಗಂಟೆ ಬೇರೆ ಯಾವ ರೀತಿಯಲ್ಲೂ ಸಿಗುವುದಿಲ್ಲ.

ಊಟಕ್ಕೆ ಪುಳಿಯೋಗರೆ ಇದ್ದೇ ಇರುತ್ತದೆ. ಸ್ವಲ್ಪ ತಿಂದು, ಮೊಸರನ್ನ ಜಾಸ್ತಿ ಹಾಕಿಸಿಕೊಳ್ಳಿ. ಎಣ್ಣೆ, ಖಾರ ಜಾಸ್ತಿ ಆದರೆ ವಾಪಸ್ ದಾರಿಯಲ್ಲಿ ಎದೆ ಉರಿಯುತ್ತದೆ. ತೊಣ್ಣೂರಿನಲ್ಲಿ ಊಟ ಆದರೆ ಒಂದು ಮುದ್ದೆ, ಉಪ್ಸಾರು, ಮಜ್ಜಿಗೆ. ಸಂಜೆ ತನಕ ಹಸಿವೆ ಅನ್ನಿಸುವುದಿಲ್ಲ.

ವಾಪಸ್

ಎರಡೂವರೆಗೆ ಎದ್ದುಬಿಡಬೇಕು. "ಇನ್ನೊಂದು ಲೋಟ ಕಾಫಿ ಕುಡ್ಕೊಂಡು ಹೋಗೇ" ಅನ್ನುವ ಮಾತಿಗೆ ಕೂತರೆ ಕತ್ತಲಲ್ಲಿ ಹೆದ್ದಾರಿ ಬದಿಯಲ್ಲಿ ಬರಬೇಕಾಗುತ್ತದೆ. ಆ ಕಾಫಿಯ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ, ಎರಡು ಗಂಟೆಗೇ ಹೊರಡುತ್ತೇನೆ ಅಂತ ಹೇಳಿಟ್ಟಿರಿ. ದಿಣ್ಣೆ ಇಳಿಯುವ ಮುಂಚೆ ಎರಡೂ ಬ್ರೇಕ್ ಒತ್ತಿ ನೋಡಿ. ಒಂದೇ ಸಮ ಹಿಡಿದುಕೊಂಡು ಇಳಿಯಬೇಡಿ. ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಇಳಿಯಿರಿ. ಹಳ್ಳಿಗಳಲ್ಲಿ ಬಣ್ಣ ಹೊಡೆಯದ ಹಂಪ್‌ಗಳಿರುತ್ತವೆ. ಶಾಲೆ ಅಥವಾ ಗುಡಿ ಕಂಡರೆ ಮುಂದೆ ಹಂಪ್ ಇದೆ ಅಂತಲೇ ತಿಳಿದು ನಿಧಾನ ಮಾಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ನಿಂತು, ಇಳಿದು, ಸೈಕಲ್ ಅಡ್ಡ ಹಿಡಿದು ನಡೆಯಿರಿ. ಬಹಳ ಸಲ ಅಲ್ಲಿಗೇ ಸುಮ್ಮನಾಗುತ್ತದೆ.

ತೀರಾ ಸುಸ್ತಾದರೆ ಹಟ ಬೇಡ. ಬೆಂಗಳೂರು ಮೈಸೂರು ರೈಲು ದಾರಿಯಲ್ಲಿ ಪಾಂಡವಪುರ ಸ್ಟೇಷನ್ ಇದೆ. ಊರಿನಿಂದ ಆಚೆ ಕೆಲವು ಕಿಲೋಮೀಟರ್ ದೂರ. ಅಲ್ಲಿ ನಿಲ್ಲುವ ರೈಲುಗಳ ಹೊತ್ತನ್ನು ಬೆಳಿಗ್ಗೆಯೇ ಬರೆದುಕೊಂಡಿರಿ, ಸೈಕಲ್ ಹಾಕಿಕೊಳ್ಳುತ್ತಾರಾ ಅಂತ ಸ್ಟೇಷನ್ನಿನಲ್ಲೇ ಕೇಳಿ. ಇಲ್ಲ ಅಂದರೆ ಸೈಕಲ್ ಗೆಳತಿಯ ಮನೆ ಕೊಟ್ಟಿಗೆಯಲ್ಲಿ ಬಿಟ್ಟು ಬಸ್ ಹತ್ತಿ. ದಾರಿ ಉದ್ದಕ್ಕೂ ಮನೆಗಳಿರುವ ಪ್ರಯಾಣಕ್ಕೆ ಈ ಅನುಕೂಲ ಇದ್ದೇ ಇದೆ.

ಮನೆ ತಲುಪಿದ ಕೂಡಲೇ, ಸ್ನಾನಕ್ಕೂ ಮುಂಚೆ, ಮೂವರಿಗೂ ಫೋನ್ ಮಾಡಿ. ಮೂವರೂ ಕಾಯುತ್ತಿರುತ್ತಾರೆ. ಮಾರನೇ ದಿನ ಚೈನಿನ ಧೂಳು ಒರೆಸಿ ಎಣ್ಣೆ ಬಿಡಿ, ಟೈರಿನಲ್ಲಿ ಮುಳ್ಳು ಕೂತಿದೆಯಾ ನೋಡಿ. ಅವರೆಕಾಯಿ ತಂದಿದ್ದರೆ ಆವತ್ತೇ ಸುಲಿಯಿರಿ, ಚೀಲದಲ್ಲಿ ಬಿಟ್ಟರೆ ಬಾಡುತ್ತದೆ.